ಈರಣ್ಣ ಕೊಟ್ಟ ಹೇಳಿಕೆ

ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿದ್ದಾಗ ನಾನು ಇಳಕಲ್ ಭಾಗದ ಠಾಣೆಯೊಂದರಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಯಾರದೋ ಮೊಬೈಲ್ ಸ್ಟೇಟಸ್‌ನಿಂದ ಶುರುವಾದ ಜಗಳ ಎರಡೇ ದಿನಗಳಲ್ಲಿ ಓಣಿ ಓಣಿಗೆ ಹಬ್ಬಿತ್ತು. ಮೂರನೆಯ ದಿನ ಮಧ್ಯಾಹ್ನ ಪೇಟೆಯಲ್ಲಿ ಕಲ್ಲು ತೂರಾಟವಾಗಿ, ವೀರಭದ್ರಪ್ಪ ಎಂಬ ನೇಕಾರನ ತಲೆ ಒಡೆಯಿತು. ಅವನನ್ನು ಬಾಗಲಕೋಟೆಯ ಆಸ್ಪತ್ರೆಗೆ ಸಾಗಿಸಿದೆವು. ಮಗ್ಗಗಳು ನಿಂತವು. ಪೇದೆಗಳಿಗೆ ಚಹಾ ಕೊಡುತ್ತಿದ್ದ ಅಂಗಡಿಯವರೂ ನಮ್ಮನ್ನು ಕಂಡು ಬಾಗಿಲು ಎಳೆದುಕೊಂಡರು.

ಕಲ್ಲು ಎಸೆದವನು ಮೈಬೂಬ ಎಂದು ಒಂದು ವಿಡಿಯೊ ಹರಿದಾಡಿತು. ಕೈಯಲ್ಲಿ ಕಲ್ಲು ಹಿಡಿದ ಹುಡುಗ ಅವನೇ. ಆದರೆ ಕಲ್ಲು ಎಲ್ಲಿ ಬಿತ್ತೆಂಬುದು ಅದರಲ್ಲಿ ಇರಲಿಲ್ಲ. ಐಟಿಐ ಓದುತ್ತಿದ್ದ ಅವನನ್ನು ಕರೆತಂದು ಕೂರಿಸಿದೆ. ಸ್ವಲ್ಪ ಹೊತ್ತಿನಲ್ಲೇ ಠಾಣೆಯ ಮುಂದೆ ವೀರಭದ್ರಪ್ಪನ ಕಡೆಯ ಜನ ಸೇರಿದರು. ಅವನನ್ನು ತಮ್ಮ ಕೈಗೆ ಕೊಡಬೇಕೆಂಬ ಕೂಗು ಒಳಗೂ ಕೇಳಿಸುತ್ತಿತ್ತು. ಅವನ ಓಣಿಯ ಹಿರಿಯರು ಒಳಗೆ ಬಂದು, ಹುಡುಗ ಇಡೀ ದಿನ ಮನೆ ಬಿಟ್ಟು ಕದಲಿಲ್ಲ, ಬೇಕಾದರೆ ಪ್ರಮಾಣ ಮಾಡುತ್ತೇವೆ ಎಂದರು. ಕಲ್ಲು ತಾಗಿದ್ದನ್ನು ಕಣ್ಣಾರೆ ಕಂಡೆವೆಂದು ಹೇಳಲು ಹೊರಗಿನವರಲ್ಲೂ ಕೆಲವರು ತಯಾರಿದ್ದರು. ಮೈಬೂಬ ತಲೆ ತಗ್ಗಿಸಿ ಕೂತಿದ್ದ.

ಆಗ ಈರಣ್ಣ ಬಂದ. ಗಾಯಗೊಂಡ ವೀರಭದ್ರಪ್ಪನ ಅಣ್ಣನ ಮಗ. ಮೈಬೂಬನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದುವವನು. ಗುಂಪಿನ ಮುಂದೆ ನಿಂತಿದ್ದ ಅವನ ತಂದೆ ತಡೆಯಲು ಕೈ ಹಿಡಿದರೂ ಬಿಡಿಸಿಕೊಂಡು ಒಳಗೆ ಬಂದಿದ್ದ.

‘ಸಾಹೇಬ್ರ, ಹೊರಗಿನವ್ರೂ ಸುಳ್ಳು ಹೇಳಾಕತ್ತಾರ, ಒಳಗಿನವ್ರೂ ಸುಳ್ಳು ಹೇಳಾಕತ್ತಾರ’ ಎಂದ.

ಇಬ್ಬರೂ ಪೇಟೆಯಲ್ಲಿದ್ದರಂತೆ. ಸಿಟ್ಟಿನಲ್ಲಿ ಮೈಬೂಬ ಒಂದು ಕಲ್ಲು ಎಸೆದಾಗ ಬಟ್ಟೆ ಅಂಗಡಿಯೊಂದರ ಗಾಜು ಒಡೆಯಿತು. ಎರಡನೆಯದಕ್ಕೆ ಬಗ್ಗುವಷ್ಟರಲ್ಲಿ ಈರಣ್ಣ ಅವನ ಕಾಲರ್ ಹಿಡಿದು, ಬೈಕಿನಲ್ಲಿ ಹಾಕಿಕೊಂಡು ಹುನಗುಂದ ರಸ್ತೆಗೆ ಒಯ್ದಿದ್ದ. ಚಿಕ್ಕಪ್ಪನ ತಲೆಗೆ ಪೆಟ್ಟು ಬಿದ್ದದ್ದು ಅದಾದ ಮೇಲೆ.

ಅವನು ಗೆಳೆಯನ ಕಡೆ ತಿರುಗಿದ. ‘ನೀ ಮಾಡಿದ್ದು ನೀ ಹೇಳು. ಕಾಕಾನ ತಲಿ ನೀ ಒಡದಿಲ್ಲ, ಅದನ್ನ ನಾ ಹೇಳ್ತೇನಿ.’

ಹಿರಿಯರು ಬಾಯಿ ಬಿಡಬೇಡವೆಂದು ಕಣ್ಣಲ್ಲೇ ಗದರಿದರು. ಮೈಬೂಬ ತಲೆ ಎತ್ತಿ, ‘ಹೌದ್ರಿ, ಆ ಗ್ಲಾಸ್ ನಾನ ಒಡದೇನ್ರಿ’ ಎಂದ. ಹಿರಿಯರು ಎದ್ದು ಹೋದರು. ಅವನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಹೊರಗೆ ಸುದ್ದಿ ಮುಟ್ಟಿದ ಕೂಡಲೇ ಈರಣ್ಣನ ತಂದೆ ಒಳನುಗ್ಗಿ, ನನ್ನೆದುರೇ ಮಗನ ಕೆನ್ನೆಗೆ ಹೊಡೆದರು.

ಹೇಳಿಕೆಯೊಂದನ್ನೇ ನಂಬಿ ಪೊಲೀಸರು ಮುಂದುವರಿಯುವಂತಿಲ್ಲ. ಹುನಗುಂದ ರಸ್ತೆಯ ಪೆಟ್ರೋಲ್ ಬಂಕಿನ ಸಿಸಿಟಿವಿ ದೃಶ್ಯ ತರಿಸಿ ನೋಡಿದೆ. ಪೇಟೆಯಲ್ಲಿ ವೀರಭದ್ರಪ್ಪ ಕುಸಿದ ಹೊತ್ತಿಗೆ ಇಬ್ಬರೂ ಅಲ್ಲಿದ್ದರು. ಮುಂದೆ ನಿಜವಾದ ಆರೋಪಿ ಸಿಕ್ಕಿಬಿದ್ದ. ಗಾಜು ಒಡೆದ ಪ್ರಕರಣ ಮಾತ್ರ ಮೈಬೂಬನ ಮೇಲೆ ಉಳಿಯಿತು.

ಆದರೂ ಊರು ಇಬ್ಬರನ್ನೂ ಕ್ಷಮಿಸಲಿಲ್ಲ. ಈರಣ್ಣನನ್ನು ತಂದೆ ಮನೆಗೆ ಸೇರಿಸಲಿಲ್ಲ. ಅವನು ಕಮತಗಿಯ ಅಕ್ಕನ ಮನೆಯಿಂದ ಐಟಿಐಗೆ ಬರತೊಡಗಿದ. ಗುಣವಾಗಿ ಬಂದ ಚಿಕ್ಕಪ್ಪ ಅವನನ್ನು ಮಾತನಾಡಿಸಲಿಲ್ಲ. ಮೈಬೂಬನಿಗೆ ಅವನ ಓಣಿಯಲ್ಲಿ ಹಿರಿಯರನ್ನು ಸುಳ್ಳರನ್ನಾಗಿಸಿದವನೆಂಬ ಹೆಸರು ಬಿತ್ತು.

ವಿಚಾರಣೆಯ ದಿನ ಕೋರ್ಟಿನ ಆವರಣದಲ್ಲಿ ಈರಣ್ಣನನ್ನು ಕಂಡಾಗ, ಗಾಜಿನ ವಿಷಯ ಯಾಕೆ ಎತ್ತಿದೆ, ಬೈಕಿನ ಮಾತಷ್ಟೇ ಸಾಕಿತ್ತಲ್ಲ ಎಂದು ಕೇಳಿದೆ.

‘ಅದನ್ನ ಮುಚ್ಚಿದ್ರ, ಮುಂದಿನ ಕಲ್ಲು ಮುಚ್ಚಾಕೂ ಅಂವ ನನ್ನ ಹಂತೇಕನ ಬರ್ತಿದ್ದರಿ’ ಎಂದ.

ಗೆಳೆಯನ ಸಾಕ್ಷಿಗೆ ತೂಕ ಕಡಿಮೆ ಎಂದು ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಬಹುತೇಕ ಪ್ರಕರಣಗಳಲ್ಲಿ ಅದು ನಿಜವೂ ಹೌದು. ಆದರೆ ಆ ದಿನ ಠಾಣೆಗೆ ಬಂದವರಲ್ಲಿ, ತನ್ನವನು ಮಾಡಿದ ತಪ್ಪನ್ನು ತಾನಾಗಿ ಹೇಳಿದವನು ಅವನೊಬ್ಬನೇ. ಅವನ ಉಳಿದ ಮಾತನ್ನು ನಾನು ಪರೀಕ್ಷಿಸಲು ಹೊರಟದ್ದು ಅದಕ್ಕಾಗಿಯೇ.