ಏರಿನಲ್ಲಿ ಒಂದು ಗೇಣು ಜಾಗ

ನಮ್ಮ ಅತ್ತೆ ಕಾರಿನಿಂದ ಇಳಿದಿದ್ದಾರೆಂದು ನನಗೆ ಗೊತ್ತಾಗಿದ್ದು ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ.

ಅಷ್ಟರಲ್ಲಿ ಅವರು ರಸ್ತೆಯ ಅಂಚಿನಿಂದ ಒಂದು ಕಲ್ಲು ಎತ್ತಿಕೊಂಡು ಕಾರಿನ ಹಿಂದಕ್ಕೆ ಹೋಗಿಯಾಗಿತ್ತು. ನಾವು ನಿಂತಿದ್ದು ಏರುರಸ್ತೆಯ ನಟ್ಟನಡುವೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಒಂದು ದೊಡ್ಡ ಬಿಳಿ ಗಾಡಿ. ನನ್ನ ಕಾಲು ಬ್ರೇಕಿನ ಮೇಲೆ. ಇಳಿದು ಓಡಿಹೋಗಿ ಅವರನ್ನು ಕರೆತರುವಂತೆಯೂ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ನಮ್ಮ ಅತ್ತೆ ಮಾಳವ್ವ ಹೊಸಬರಲ್ಲ. ಈ ವಾರ ಹೊಸದಾಗಿ ಓದುತ್ತಿರುವವರಿಗಾಗಿ ಹೇಳುವುದಾದರೆ, ಊರು ಗುಂಜೋಟಿ, ದೇವರು ಬೀರಪ್ಪ, ಬದುಕು ಕುರಿ. ವಯಸ್ಸು ಅರವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳಿದರೆ ಅವರಿಗೇ ನಗು. ಇವತ್ತಿಗೂ ಕುರಿ ಹಿಂದೆ ಅಡವಿಗೆ ಹೋಗುವವರು ಅವರೇ. ನಾನು ಬೀದರ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದವಳು. ಗಂಡನ ನೌಕರಿ ಉಮರ್ಗಾದಲ್ಲಿ, ಹಾಗಾಗಿ ನಮ್ಮ ಸಂಸಾರವೂ ಅಲ್ಲೇ. ಅತ್ತೆ ನಮ್ಮಲ್ಲಿಗೆ ಬಂದರೆ ಮರುದಿನವೇ ಚಡಪಡಿಕೆ ಶುರು. "ಬರೇ ಕುಂದರದು ನನಗ ಆಗಂಗಿಲ್ಲವಾ" ಎಂದು ಊರಿಗೆ ಹೊರಟುಬಿಡುತ್ತಾರೆ.

ಉದಗೀರದಲ್ಲಿರುವ ನನ್ನ ನಾದಿನಿಗೆ ಈಚೆಗೆ ಹೆರಿಗೆಯಾಯಿತು. ಹೆಣ್ಣು ಮಗು. (ಎರಡನೆಯದು, ಹಾಗಾಗಿ ತವರಿಗೆ ಬಂದಿರಲಿಲ್ಲ.) ಮೊಮ್ಮಗಳನ್ನು ನೋಡಲು ಅತ್ತೆ ಹೊರಟರು. ಬಸ್ಸಿಗೆ ಹೋಗುತ್ತೇನೆ ಎಂದವರನ್ನು ನಾನೇ ಬಲವಂತ ಮಾಡಿ ಕಾರಿಗೆ ಹತ್ತಿಸಿಕೊಂಡೆ. ತೊಡೆಯ ಮೇಲೆ ಒಂದು ಕರಿ ಕಂಬಳಿ. ನಮ್ಮದೇ ಕುರಿಗಳ ಉಣ್ಣೆಯದು. ಹುಟ್ಟಿದ ಮಗುವನ್ನು ಅಜ್ಜಿ ತಂದ ಕಂಬಳಿಯ ಮೇಲೆ ಒಮ್ಮೆ ಮಲಗಿಸಬೇಕು ಎನ್ನುವುದು ಅವರ ಮನೆಯ ಪದ್ಧತಿ.

ನಮ್ಮದು ಹಳೆಯ ಕಾರು. ಕ್ಲಚ್ಚು, ಗೇರು ಎಲ್ಲ ಇರುವಂಥದ್ದು. ನಿಲಂಗಾ ದಾಟಿ ಉದಗೀರದ ಕಡೆ ಹೋಗುವಾಗ ಒಂದು ಏರು ಬರುತ್ತದೆ. ಸುಮ್ಮನೆ ಹೋದರೆ ಏರು ಇದೆ ಎಂದೇ ಅನಿಸುವುದಿಲ್ಲ. ನಿಲ್ಲಬೇಕಾಗಿ ಬಂದಾಗ ಗೊತ್ತಾಗುತ್ತದೆ.

ಅವತ್ತು ನಿಲ್ಲಬೇಕಾಗಿ ಬಂತು. ಎರಡು ಟ್ರಾಲಿ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಅರ್ಧ ಏರಿಗೆ ಉಸಿರು ಕಟ್ಟಿ ನಿಂತಿತು. ಅದರ ಹಿಂದೆ ನಾನು. ನನ್ನ ಹಿಂದೆ ಆ ಬಿಳಿ ಗಾಡಿ. ಅದರ ಹಿಂದೆ ಟೆಂಪೊ, ಬಸ್ಸು, ಮತ್ತೆ ಟೆಂಪೊ. ಎಲ್ಲರೂ ಮುಂದಿನವರ ಬೆನ್ನಿಗೆ ಮೂಗು ತಾಗಿಸಿಕೊಂಡು ನಿಂತಿದ್ದರು.

ಗೇರಿನ ಗಾಡಿ ಓಡಿಸುವವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಏರಿನಲ್ಲಿ ನಿಂತ ಗಾಡಿಯನ್ನು ಹೊರಡಿಸುವಾಗ ಕಾಲು ಬ್ರೇಕಿನಿಂದ ಎಕ್ಸಲರೇಟರಿಗೆ ಹೋಗಬೇಕು. ಆ ಒಂದು ಗಳಿಗೆ ಗಾಡಿ ಹಿಂದಕ್ಕೆ ಬರುತ್ತದೆ. ಒಂದು ಗೇಣು, ಕೆಲವೊಮ್ಮೆ ಒಂದು ಮೊಳ. ಚಾಲಕರ ಕೈಚಳಕ, ಕ್ಲಚ್ಚಿನ ವಯಸ್ಸು ಎಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಹ್ಯಾಂಡ್‌ಬ್ರೇಕ್ ಗಟ್ಟಿ ಇದ್ದರೆ ಅದನ್ನೂ ತಪ್ಪಿಸಬಹುದು. ನನ್ನದು ಸಡಿಲ. (ಮಾಡಿಸಬೇಕಿತ್ತು. ಈಗ ಮಾಡಿಸಿದ್ದೇನೆ.) ಮುಂದೆ ಹೋಗಬೇಕಾದರೆ ಮೊದಲು ಸ್ವಲ್ಪ ಹಿಂದೆ ಬರಬೇಕು. ಆ ಸ್ವಲ್ಪ ಜಾಗವನ್ನು ಬಿಡಬೇಕಾದವರು ಹಿಂದಿನವರು.

ಟ್ರ್ಯಾಕ್ಟರ್ ಒಮ್ಮೆ ಮಿಸುಕಿದಂತಾಯಿತು. ನಾನೂ ಹೊರಡಲು ನೋಡಿದೆ. ಕಾರು ತುಸು ಹಿಂದಕ್ಕೆ ಜಾರಿತು. ತಕ್ಷಣ ಬ್ರೇಕ್ ಒತ್ತಿದೆ. ಟ್ರ್ಯಾಕ್ಟರ್ ಮತ್ತೆ ನಿಂತಿತು.

"ಗಾಡಿ ಹಿಂದ ಹೊಂಟದಲ್ಲವಾ ಶೈಲಾ" ಎಂದರು ಅತ್ತೆ.

"ಏರಿನ್ಯಾಗ ಹಂಗೇ ಆಗ್ತದರಿ ಅತ್ತಿ. ನೀವು ಸುಮ್ಮ ಕುಂದರ್ರಿ."

"ಸುಮ್ಮ ಯಾಕ ಕುಂದರಬೇಕು? ಕಲ್ಲ ಕೊಟ್ರ ಆತು."

ಕಲ್ಲು ಕೊಡುವುದು ಎಂದರೆ ಗಾಲಿ ಹಿಂದಕ್ಕೆ ಉರುಳದಂತೆ ಅದರ ಬುಡಕ್ಕೆ ಕಲ್ಲು ಇಡುವುದು. ಅತ್ತೆ ಮದುವೆಯಾಗಿ ಬಂದಾಗ ಮನೆಯಲ್ಲಿ ಎತ್ತಿನ ಬಂಡಿ ಇತ್ತಂತೆ. ಜೋಳದ ಚೀಲವೋ ಕುರಿಗೊಬ್ಬರವೋ ಹೇರಿಕೊಂಡು ಏರಿಗೆ ಬಂದರೆ ಮಾವ ಎತ್ತಿನ ಹತ್ತಿರ, ಅತ್ತೆ ಗಾಲಿಯ ಹತ್ತಿರ. ಕೈಯಲ್ಲಿ ಕಲ್ಲು ಹಿಡಿದು ಬಂಡಿಯ ಹಿಂದೆ ನಡೆಯಬೇಕು. ಎತ್ತು ದಣಿದು ನಿಂತ ಕೂಡಲೇ ಕಲ್ಲು ಕೊಡಬೇಕು. ಎತ್ತು ಮತ್ತೆ ಎಳೆದ ಕೂಡಲೇ ಕಲ್ಲು ಎತ್ತಿಕೊಳ್ಳಬೇಕು. ಕೊಟ್ಟವರೇ ತೆಗೆಯಬೇಕು, ದಾರಿಯಲ್ಲಿ ಬಿಟ್ಟು ಹೋಗುವಂತಿಲ್ಲ.

ಹಿಂದಿನ ಬಂಡಿ? ಅದು ಏರಿನ ಕೆಳಗೇ ನಿಂತಿರುತ್ತಿತ್ತು. ಮುಂದಿನದು ಪೂರ್ತಿ ಹತ್ತುವವರೆಗೆ ಎರಡನೆಯದು ಹತ್ತುವಂತಿರಲಿಲ್ಲ. ಕಾನೂನು ಏನೂ ಇರಲಿಲ್ಲ. ಬಂಡಿಯ ಹಿಂದೆ ಯಾರದೋ ಮನೆಯ ಹೆಂಗಸು ಬಗ್ಗಿಕೊಂಡು ನಡೆಯುತ್ತಿರುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು, ಅಷ್ಟೆ.

ಆ ನಂಬಿಕೆಯ ಮೇಲೆ ಅತ್ತೆ ಇಳಿದಿದ್ದರು. ಹಿಂದಿನವರು ನಿಂತಿರುತ್ತಾರೆ ಎಂಬ ನಂಬಿಕೆ.

ಕನ್ನಡಿಯಲ್ಲಿ ನೋಡಿದೆ. ಎಡಗಡೆಯ ಹಿಂದಿನ ಗಾಲಿಯ ಹತ್ತಿರ ಹಸಿರು ಸೀರೆ ಕಂಡಿತು, ಬಗ್ಗಿತು, ಮರೆಯಾಯಿತು. ಅದೇ ಹೊತ್ತಿಗೆ ಟ್ರ್ಯಾಕ್ಟರ್ ಹೊಗೆ ಉಗುಳಿ ನಿಜವಾಗಿಯೂ ಹೊರಟಿತು. ಬಿಳಿ ಗಾಡಿಯ ಮೂತಿ ಕನ್ನಡಿಯಲ್ಲಿ ದೊಡ್ಡದಾಗತೊಡಗಿತು.

ಹಾರ್ನ್ ಹೊಡೆದೆ. ಒತ್ತಿಹಿಡಿದೇ ಹೊಡೆದೆ.

ನಮ್ಮ ರಸ್ತೆಗಳಲ್ಲಿ ಹಾರ್ನಿಗೆ ಒಂದೇ ಅರ್ಥ. ಹೋಗು. ನಿಲ್ಲು ಎಂದು ಹೇಳುವ ಹಾರ್ನ್ ಯಾವುದು? ನನ್ನದನ್ನು ಕೇಳಿ ಹಿಂದಿನವರೆಲ್ಲ ತಮ್ಮ ತಮ್ಮ ಹಾರ್ನ್ ಹೊಡೆದರು. ಆ ಗದ್ದಲದಲ್ಲಿ ಅತ್ತೆ ಕೂಗಿದ್ದು ನನಗೆ ಕೇಳಲಿಲ್ಲ.

ಕೇಳಿದ್ದು ಇನ್ನೊಬ್ಬಳ ಕೂಗು. ಕಬ್ಬು ಕಡಿಯುವ ಹೆಣ್ಣುಮಗಳೊಬ್ಬಳು ಟ್ರ್ಯಾಕ್ಟರಿನಿಂದ ಇಳಿದು ರಸ್ತೆ ಬದಿಯಲ್ಲಿ ನಡೆಯುತ್ತಿದ್ದಳು. ಓಡಿಬಂದು ಬಿಳಿ ಗಾಡಿಯ ಬಾನೆಟ್ಟಿಗೆ ಎರಡೂ ಕೈಯಿಂದ ಬಡಿದಳು. "ಥಾಂಬಾ! ಬಾಈ ಆಹೇ ಮಧೇ!" ನಿಲ್ಲಿ, ನಡುವೆ ಹೆಂಗಸಿದ್ದಾಳೆ ಎಂದು.

ಗಾಡಿ ನಿಂತಿತು. ಆದರೆ ಅತ್ತೆಯ ಬಲಗಾಲು, ಮೊಣಕಾಲಿನ ಕೆಳಗೆ, ಎರಡು ಬಂಪರಿನ ನಡುವೆ ಸಿಕ್ಕಿಬಿದ್ದಿತ್ತು. ಅವರು ಒಂದು ಮಗ್ಗುಲಾಗಿ ಬಿದ್ದಿದ್ದರು. ಕಲ್ಲು ಕೈಯಿಂದ ಜಾರಿ ದೂರ ಹೋಗಿತ್ತು.

ಬಿಳಿ ಗಾಡಿಯವರು ರಿವರ್ಸ್ ಹಾಕಿದರು. ಅವರ ಗಾಡಿ ಕೀ ಕೀ ಎಂದು ಅರಚಿಕೊಂಡಿತು. ಹಿಂದೆ ಟೆಂಪೊ ಅಂಟಿಕೊಂಡಿತ್ತು. ಟೆಂಪೊದ ಹಿಂದೆ ಬಸ್ಸು. ಯಾರಿಗೂ ಒಂದು ಗೇಣು ಹಿಂದೆ ಹೋಗಲು ಜಾಗವಿಲ್ಲ.

ನನ್ನ ಮುಂದೆ ಮಾತ್ರ ರಸ್ತೆ ಖಾಲಿ. ಟ್ರ್ಯಾಕ್ಟರ್ ಹೊರಟುಹೋಗಿತ್ತು.

"ಮುಂದ ತಗೀರಿ ಮೇಡಮ್! ರಸ್ತಾ ಖಾಲಿ ಅದ!" ಎಂದು ಒಬ್ಬರು. "ಗಾಡಿ ಪುಢೇ ಘ್ಯಾ ತಾಈ!" ಎಂದು ಅದನ್ನೇ ಮರಾಠಿಯಲ್ಲಿ ಇನ್ನೊಬ್ಬರು. ಎಷ್ಟು ಜನ ಸೇರಿದ್ದರೋ. ಎಲ್ಲರೂ ಕೈ ಬೀಸಿ ಮುಂದೆ ಮುಂದೆ ಎನ್ನುವವರೇ.

ಹೇಗೆ ಹೋಗಲಿ? ಮುಂದೆ ಹೋಗಬೇಕಾದರೆ ಮೊದಲು ಹಿಂದೆ ಬರುತ್ತದೆ ಈ ಕಾರು. ಬರುವ ಜಾಗದಲ್ಲಿ ನಮ್ಮ ಅತ್ತೆಯ ಕಾಲಿದೆ. "ಗಾಡಿ ಹಿಂದ ಬರ್ತದರಿ, ಬ್ರೇಕ್ ಬಿಡಲಿಕ್ಕೆ ಆಗಂಗಿಲ್ಲ!" ಎಂದು ಕಿಟಕಿಯಿಂದ ಕೂಗಿದೆ. ಕೂಗುತ್ತ ಅಳುತ್ತಿದ್ದೆ. ನನ್ನ ಕಾಲು ಒಂದು ಕೂದಲೆಳೆ ಸಡಿಲಾದರೆ ಕಾರು ಅವರ ಎಲುಬಿನ ಮೇಲೆ ಹೋಗುತ್ತದೆ ಎಂಬ ಒಂದೇ ಯೋಚನೆ. ಅಷ್ಟು ಭಯ ನನಗೆ ನನ್ನ ಸ್ವಂತ ಹೆರಿಗೆಯಲ್ಲೂ ಆಗಿರಲಿಲ್ಲ.

ಆಗ ಕೆಳಗಿನಿಂದ ಅತ್ತೆಯ ದನಿ ಬಂತು. ನೋವಿನಲ್ಲಿ ಸೀಳಿಹೋದ ದನಿ.

"ಕಲ್ಲ ಕೊಡ್ರೋ! ಮೊದಲ ಯಾರರೆ ಗಾಲಿಗಿ ಕಲ್ಲ ಕೊಡ್ರಿ!"

ಗಂಡಸರಿಗೆ ಅರ್ಥವಾಗಲಿಲ್ಲ. ಬಿಳಿ ಗಾಡಿಯಿಂದ ಒಬ್ಬ ಹೆಂಗಸು ಇಳಿದರು, ಮಾಲೀಕರ ಹೆಂಡತಿ. ರೇಷ್ಮೆ ಸೀರೆ, ಎಲ್ಲೋ ಸಮಾರಂಭಕ್ಕೆ ಹೊರಟಿದ್ದರು. ರಸ್ತೆಯ ಮೇಲೆ ಮಂಡಿಯೂರಿ ಕೂತು ಆ ಕಲ್ಲನ್ನು ಎಳೆದುಕೊಂಡರು.

"ಇಲ್ಲೇನ್ರಿ ಆಯೀ?"

"ಇನ್ನಾ ಒತ್ತವಾ. ಗಾಲಿಗಿ ಹತ್ತಬೇಕು. ಹಾಂ. ಕೈ ತಗಿ, ಕೈ ತಗಿ."

ಕಬ್ಬಿನ ಹೆಣ್ಣುಮಗಳು ನನ್ನ ಕಿಟಕಿಗೆ ಬಂದು ಕಲ್ಲು ಕೂತಿದೆ ಎಂದು ತಲೆಯಾಡಿಸಿದಳು. ಬ್ರೇಕನ್ನು ತುಸು ಸಡಿಲಿಸಿದೆ. ಕಾರು ಕಲ್ಲಿನ ಮೇಲೆ ಭಾರ ಬಿಟ್ಟು ಕೂತಿತು, ಕದಲಲಿಲ್ಲ. ಕ್ಲಚ್ಚು ಅರ್ಧ ಬಿಟ್ಟು ಎಕ್ಸಲರೇಟರ್ ಒತ್ತಿದೆ. ಹಿಂದೆ ಬರಲೇ ಇಲ್ಲ. ಸೀದಾ ಮುಂದೆ ಹೋಯಿತು. ಏರು ಹತ್ತಿ ಬದಿಗೆ ನಿಲ್ಲಿಸಿ ಓಡಿಬಂದೆ.

ಕಾಲು ನೋಡುವ ಹಾಗಿರಲಿಲ್ಲ. ಮಗುವಿಗೆಂದು ತಂದ ಕಂಬಳಿಯನ್ನು ರಸ್ತೆ ಬದಿಗೆ ಹಾಸಿ ಅತ್ತೆಯನ್ನೇ ಅದರ ಮೇಲೆ ಮಲಗಿಸಿದೆವು. ಕಣ್ಣು ಮುಚ್ಚಿ ಬೀರಪ್ಪನ ಹೆಸರು ಹೇಳುತ್ತಿದ್ದವರು ಒಮ್ಮೆಲೇ ಕಣ್ಣು ತೆರೆದರು.

"ಶೈಲಾ, ಕಲ್ಲ ತಗದ್ರೇನ?"

ತೆಗೆದಿರಲಿಲ್ಲ. ಕಲ್ಲು ರಸ್ತೆಯ ನಡುವೆಯೇ ಇತ್ತು, ಅದರ ಪಕ್ಕದಿಂದ ಮೋಟರ್‌ಸೈಕಲ್ಲುಗಳು ಆಗಲೇ ನುಗ್ಗಿ ಹೋಗುತ್ತಿದ್ದವು. ಬಿಳಿ ಗಾಡಿಯವರು ತಾವೇ ಹೋಗಿ ಅದನ್ನು ಎತ್ತಿ ಹೊಲದ ಕಡೆ ಇಟ್ಟು ಬಂದರು. ಆಮೇಲೆ ಅತ್ತೆಯನ್ನು ತಮ್ಮ ಗಾಡಿಯಲ್ಲೇ ಉದಗೀರದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಎಲುಬು ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ. ಕೂಡುತ್ತದೆ, ಕೋಲು ಹಿಡಿದು ನಡೆಯುತ್ತಾರೆ ಎಂದರು ಡಾಕ್ಟರು. ಕುರಿ ಹಿಂದೆ ಅಡವಿಗೆ ಹೋಗಬಹುದೇ ಎಂದು ಕೇಳಿದೆ. "ಆ ಆಸೆ ಇಟ್ಟುಕೋಬ್ಯಾಡ್ರಿ" ಎಂದರು. ಅತ್ತೆಗೆ ಇದನ್ನು ನಾನಿನ್ನೂ ಹೇಳಿಲ್ಲ. ಮೊಮ್ಮಗಳನ್ನು ಆಸ್ಪತ್ರೆಗೇ ತಂದು ತೋರಿಸಿದರು. ಕಂಬಳಿಗೆ ರಕ್ತ ಹತ್ತಿತ್ತು, ಮಲಗಿಸಲಿಲ್ಲ. ಒಗೆದು ಗುಂಜೋಟಿಯಲ್ಲಿ ಒಣಹಾಕಿದ್ದೇವೆ.

ಸಿಟ್ಟು ಯಾರ ಮೇಲೆ ಮಾಡಲಿ? ಬಿಳಿ ಗಾಡಿಯವರ ಮೇಲೆಯೇ ಮಾಡಿಕೊಂಡಿದ್ದೆ. ಎಷ್ಟು ಶಾಪ ಹಾಕಿದ್ದೆನೋ ಲೆಕ್ಕವಿಲ್ಲ. ಅವರು ಔರಾದ ಶಹಾಜನಿ ಊರಿನವರು. ಕಾಳಿನ ವ್ಯಾಪಾರ, ಮನೆಮಾತು ಕನ್ನಡವೇ. ಹೋದ ವಾರ ಗಂಡಹೆಂಡತಿ ಗುಂಜೋಟಿಗೆ ಬಂದಿದ್ದರು. ಆಯಮ್ಮ ಅತ್ತೆಯ ಕಾಲು ಮುಟ್ಟಲು ಹೋಗಿ, ಪ್ಲಾಸ್ಟರ್ ನೋಡಿ, ಕೈ ಹಿಂದೆ ತೆಗೆದುಕೊಂಡರು.

ನಾನು ಬಿಡಲಿಲ್ಲ. ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲೇ ಕೇಳಿದೆ. ಅಷ್ಟು ಹತ್ತಿರ ಯಾಕೆ ಬಂದಿರಿ?

"ಖರೇ ಹೇಳ್ಬೇಕಂದ್ರ ನನಗ ಗೊತ್ತೇ ಇರಲಿಲ್ಲರೀ ಅಕ್ಕೋರೆ" ಎಂದರು ಆಯಮ್ಮನ ಗಂಡ. "ನಂದು ಆಟೋಮ್ಯಾಟಿಕ್ ಗಾಡಿ. ಹಿಂದ ಬರಂಗೇ ಇಲ್ಲ. ಬ್ರೇಕ್ ಸಡ್ಲ ಮಾಡಿದ್ರ ತಾನೇ ಮುಂದ ಸರೀತದ. ನಿಮ್ಮದು ಹಿಂದ ಬರ್ತದ ಅನ್ನೋದೇ ನನ್ನ ತಲ್ಯಾಗ ಬರಲಿಲ್ಲ."

ಈ ಮಾತು ನನ್ನನ್ನು ಬಿಟ್ಟಿಲ್ಲ. ನಮ್ಮ ಗಾಡಿ ಜಾರುವುದಿಲ್ಲ ಎಂದಾದ ಕೂಡಲೇ ಜಗತ್ತಿನಲ್ಲಿ ಯಾರ ಗಾಡಿಯೂ ಜಾರುವುದಿಲ್ಲ ಎಂದುಕೊಂಡುಬಿಡುತ್ತೇವೆ. ನೆಲ ಸಪಾಟಾಗಿರುವವರಿಗೆ ಇನ್ನೊಬ್ಬರ ಏರು ಕಾಣುವುದಿಲ್ಲ. ರಸ್ತೆಯ ಮೇಲೆ ಮಾತ್ರವೇ? ನೌಕರಿ ಗಟ್ಟಿ ಇರುವವರು ಗಟ್ಟಿ ಇಲ್ಲದವರಿಗೆ "ಬೇಗ ಬೇಗ ಮುಂದೆ ಹೋಗು" ಎನ್ನುವುದಿಲ್ಲವೇ? ಕೆಲವರು ಒಂದು ಹೆಜ್ಜೆ ಮುಂದಿಡಬೇಕಾದರೆ ಮೊದಲು ತುಸು ಹಿಂದೆ ಸರಿಯುತ್ತಾರೆ. ಅವರ ಬೆನ್ನಿಗೆ ಅಂಟಿಕೊಂಡು ನಿಂತು ಹಾರ್ನ್ ಹೊಡೆದರೆ ಅವರು ಎಲ್ಲಿಗೆ ಹೋಗಬೇಕು?

ಅವತ್ತು ಅವರ ಮಾತು ಮುಗಿಯುತ್ತಲೇ ಅತ್ತೆ ಬಾಯಿ ತೆರೆದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ತಿಳಿಯದ್ದನ್ನು ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು.

"ಅಲ್ಲಪ್ಪ, ಗೊತ್ತಿರಲಿಲ್ಲ, ಖರೇ. ಆದ್ರ ಥೋಡೆ ಜಾಗಾ ಬಿಟ್ಟು ನಿಂತಿದ್ರ ನಿಂದೇನ ಹೋಗ್ತಿತ್ತು?"

ಅವರು ತಲೆ ತಗ್ಗಿಸಿದರು. "ಜಾಗಾ ಬಿಟ್ರ ಯಾರರೆ ನಡುವ ನುಗ್ತಾರರೀ ಆಯೀ. ಅದಕ್ಕ."

ಅವರು ಹೇಳಿದ್ದು ಸುಳ್ಳಲ್ಲ. ನಾನೀಗ ಏರಿನಲ್ಲಿ ಒಂದು ಗಾಡಿಯಷ್ಟು ಜಾಗ ಬಿಟ್ಟು ನಿಲ್ಲುತ್ತೇನೆ. ಹಿಂದಿನವರು ಬೈಯುತ್ತಾರೆ, ಪಕ್ಕದವರು ನುಗ್ಗುತ್ತಾರೆ. ಮೊನ್ನೆ ಒಬ್ಬರು ಕಿಟಕಿ ಇಳಿಸಿ "ಡ್ರೈವಿಂಗ್ ಬರ್ತದೇನ್ರಿ?" ಎಂದು ಕೇಳಿಯೇ ಹೋದರು. ಖಾಲಿ ಜಾಗ ಕಂಡರೆ ನಮಗೆ ತಡೆದುಕೊಳ್ಳಲು ಆಗುವುದಿಲ್ಲ. ಯಾರೋ ಬಿಟ್ಟಿದ್ದಾರೆ ಎನಿಸುವುದಿಲ್ಲ, ಯಾರೂ ಹಿಡಿದಿಲ್ಲ ಎನಿಸುತ್ತದೆ.

ಅವತ್ತು ಅತ್ತೆ ಆ ಉತ್ತರ ಕೇಳಿಸಿಕೊಂಡರು. ಹೊರಗೆ ಹಟ್ಟಿಯಲ್ಲಿ ಕುರಿಗಳನ್ನು ಬೇರೆ ಯಾರೋ ಬಿಡುತ್ತಿದ್ದರು. ಅದರ ಸದ್ದಿಗೆ ಅವರ ಕುತ್ತಿಗೆ ತಾನಾಗಿ ಆ ಕಡೆ ತಿರುಗಿತು. ಪ್ಲಾಸ್ಟರ್ ಹಾಕಿದ ಕಾಲು ಮಂಚದ ಮೇಲೆ ಹಾಗೇ ಇತ್ತು.

ಆಮೇಲೆ ಅವರು ಬಿಳಿ ಗಾಡಿಯವರನ್ನು ಕೇಳಿದ ಒಂದು ಮಾತನ್ನೇ ಈ ವಾರ ನಿಮ್ಮನ್ನೂ ಕೇಳುತ್ತಿದ್ದೇನೆ.

"ಆ ಜಾಗಾ ಖಾಲಿ ಅದ ಅಂತ ನಿನಗ ಯಾರ ಹೇಳಿದ್ರಪ್ಪ?"