ನೆಗೆಣ್ಣಿಗೆ ಕೇಳಿಸಲೆಂದು ಮಾಡಿದ ಪ್ರಾರ್ಥನೆ

ನಮ್ಮ ಸಭೆಯಲ್ಲಿ ನನ್ನ ಪ್ರಾರ್ಥನೆಗೆ ಒಳ್ಳೆಯ ಹೆಸರಿತ್ತು. ಕೆಂಭಾವಿ ಕಡೆಯ ನಮ್ಮೂರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಬುಧವಾರ ಸಂಜೆ, ವಾರಕ್ಕೊಂದು ಮನೆಯಂತೆ ಕೂಟ ಸೇರುತ್ತಿದ್ದೆವು. ಪಾಸ್ಟರು ಸುರಪುರದಿಂದ ಬಸ್ಸಿಗೆ ಬರುತ್ತಿದ್ದರು. ಹಾಡು, ಬೈಬಲ್ ವಾಕ್ಯ ಮುಗಿಸಿ ಅವರು "ಯಾರರೆ ಪ್ರಾರ್ಥನಾ ಮಾಡ್ರಿ" ಅಂದರೆ ಎಲ್ಲರ ಮುಖ ನನ್ನ ಕಡೆಗೆ ತಿರುಗುತ್ತಿತ್ತು. ಮನೆಯಲ್ಲಿ ಕೋಳಿಯಿಂದ ಹಿಡಿದು ಗಂಡನವರೆಗೆ ಯಾರನ್ನೂ ಬಿಡದೆ ಬಯ್ಯುವ ನಾನು, ಕಣ್ಣು ಮುಚ್ಚಿದ್ದೇ ತಡ, "ಪರಲೋಕದ ತಂದೆಯೇ, ಕೃಪಾಸಾಗರನೇ" ಎಂದು ಪುಸ್ತಕದ ಕನ್ನಡಕ್ಕೆ ಏರಿಬಿಡುತ್ತಿದ್ದೆ. ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದನ್ನು ನಾನು ರೆಪ್ಪೆಯ ಸಂದಿಯಿಂದ ನೋಡುತ್ತಿದ್ದೆ. ಇದನ್ನು ಬರೆಯುವಾಗಲೂ ಮುಖ ಸುಡುತ್ತದೆ.

ನನ್ನ ನೆಗೆಣ್ಣಿಗೆ, ಮೈದುನನ ಹೆಂಡತಿಗೆ, ಹಾಗೆ ಬರುತ್ತಿರಲಿಲ್ಲ. ಅವಳ ಸರದಿ ಬಂದರೆ "ಯಪ್ಪಾ, ಎಲ್ಲಾರ್ನೂ ಕಾಯಪ್ಪಾ, ಆಮೆನ್" ಎಂದು ಮುಗಿಸಿ ಚಹಾ ಇಡಲು ಏಳುತ್ತಿದ್ದಳು. ನಾನು ಅವಳನ್ನು ಛೇಡಿಸುತ್ತಿದ್ದೆ, "ದೇವ್ರಿಗೆ ಟೆಲಿಗ್ರಾಂ ಕೊಟ್ಟಂಗ ಆತಲ್ಲ" ಅಂತ. ಅವಳು ನಗುತ್ತಿದ್ದಳು. ನಾನು ಬಾಣಂತಿಯಾಗಿದ್ದಾಗ ನನ್ನ ತಲೆಗೆ ನೀರು ಹಾಕಿದವಳು ಅವಳು.

ಕಾಲುವೆ ಬಂದು ಕೆಲವು ವರ್ಷಗಳಾಗಿದ್ದವು. ಜೋಳ ಬೆಳೆಯುತ್ತಿದ್ದ ಹೊಲಕ್ಕೆ ನಾವೂ ನೆಲ್ಲು ಹಚ್ಚಿದ್ದೆವು. ನಮ್ಮನೆಯವರು ಶಹಾಪುರದ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದದ್ದರಿಂದ ಹೊಲವೆಲ್ಲ ನನ್ನ ತಲೆಯ ಮೇಲಿತ್ತು. ಮೈದುನನ ಹೊಲ ಮೇಲೆ, ನಮ್ಮದು ಕೆಳಗೆ, ಹೊಲಗಾಲುವೆಯ ಕೊನೆಗೆ. ನೀರು ಪಾಳಿಯ ಮೇಲೆ ಬರುತ್ತಿತ್ತು. ಮೊದಲು ಅವರು ಹಾಯಿಸಿಕೊಂಡು, ತಮ್ಮ ಹೊಲದ ಬಾಯಿಗೆ ಗೋಣಿಚೀಲ ತುರುಕಿ ಕೆಸರು ಮೆತ್ತಿದ ಮೇಲೆ ನಮ್ಮ ಪಾಳಿ. ಆ ಹಂಗಾಮಿನಲ್ಲಿ ಮಾತ್ರ ನಮ್ಮ ಪಾಳಿ ಮುಗಿದರೂ ಕೆಳಗಿನ ಮಡಿಗಳು ತೇವವಾಗುತ್ತಿರಲಿಲ್ಲ. ಸಸಿ ಹಳದಿಯಾಗತೊಡಗಿತು. ಮೇಲೆ ನೋಡಿದರೆ ನೆಗೆಣ್ಣಿಯ ನೆಲ್ಲು ಕಡುಹಸಿರು. ಇನ್ನೇನು ಬೇಕು ನನಗೆ? ನನ್ನ ಪಾಳಿಯಲ್ಲಿ ಅವಳು ತನ್ನ ಹೊಲದ ಬಾಯಿ ತೆರೆದಿಡುತ್ತಾಳೆ ಎಂದು ಕುಂತಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಎದುರಿಗೆ ಕೇಳಬಹುದಿತ್ತು. ಕೇಳಿದರೆ ಜಗಳ, ಜಗಳವಾದರೆ ಅಣ್ಣತಮ್ಮಂದಿರ ನಡುವೆ ಬಿರುಕು. ಅದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿತ್ತು. ಪ್ರಾರ್ಥನೆಗೆ ಯಾರೂ ಎದುರಾಡುವಂತಿಲ್ಲ. ನಮ್ಮ ಮಂದಿಯಲ್ಲಿ ಸೊಸೆಗೆ ಹೇಳಬೇಕಾದ್ದನ್ನು ಅತ್ತೆ, ಕುಡಿಯುವ ಗಂಡನಿಗೆ ಹೇಳಬೇಕಾದ್ದನ್ನು ಹೆಂಡತಿ ದೇವರ ಹೆಸರಿಟ್ಟು ಹೇಳಿಬಿಡುವುದು ಹೊಸದೇನೂ ಅಲ್ಲ.

ಆ ಬುಧವಾರ ಕೂಟ ಅವಳ ಮನೆಯಲ್ಲೇ ಇತ್ತು. ಅವಳೇ ಹಾಸಿದ ಜಮಖಾನೆಯ ಮೇಲೆ ಮೊಣಕಾಲೂರಿ ನಾನು ಶುರುಮಾಡಿದೆ. "ನ್ಯಾಯವಂತನಾದ ಕರ್ತನೇ, ನಿನ್ನ ನಾಮವನ್ನು ಹೇಳುತ್ತಲೇ ಒಡಹುಟ್ಟಿದವರ ಪಾಲಿನ ನೀರನ್ನು ಕದಿಯುವವರು ನಮ್ಮ ಮಧ್ಯದಲ್ಲೇ ಇದ್ದಾರೆ. ಅವರ ಕಲ್ಲಿನ ಹೃದಯವನ್ನು ಒಡೆದುಬಿಡು." ಹೇಳಿ, ಒಂದು ಕಣ್ಣು ತೆರೆದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾಳೋ ಇಲ್ಲವೋ ಎಂದು. ಅವಳು ಕಣ್ಣು ಮುಚ್ಚಿ, ತಲೆ ಬಗ್ಗಿಸಿ ಕೂತಿದ್ದಳು. ಎಲ್ಲರೂ ಆಮೆನ್ ಅಂದರು. ಅವಳೂ ಅಂದಳು, ಗಟ್ಟಿಯಾಗಿಯೇ. ಆಮೇಲೆ ಎಲ್ಲರಿಗೂ ಚಹಾ ಕೊಟ್ಟಳು, ನನ್ನದಕ್ಕೆ ಎಂದಿನಂತೆ ಸಕ್ಕರೆ ಹೆಚ್ಚು ಹಾಕಿ. ಎಂಥ ಗಟ್ಟಿಗಿತ್ತಿ ಎಂದುಕೊಂಡೆ ನಾನು.

ಮುಂದಿನ ಪಾಳಿಯ ದಿನ ಕಳ್ಳತನ ಹಿಡಿದೇ ಬಿಡುತ್ತೇನೆಂದು ಮಧ್ಯಾಹ್ನದ ಬಿಸಿಲಲ್ಲಿ ಹೊಲಕ್ಕೆ ಹೋದೆ. ಅವಳ ಹೊಲದ ಬಾಯಿ ಮುಚ್ಚಿತ್ತು. ಗೋಣಿಚೀಲದ ಮೇಲೆ ಕೆಸರು ಮೆತ್ತಿ, ಅಂಗೈಯಿಂದ ತಟ್ಟಿದ ಗುರುತು ಕಾಣುತ್ತಿತ್ತು. ಒಂದು ಹನಿ ಒಳಗೆ ಹೋಗುತ್ತಿರಲಿಲ್ಲ. ನೀರು ತುಂಬಿ ನಮ್ಮ ಕಡೆಗೇ ಹರಿಯುತ್ತಿತ್ತು. ಅದರ ಜೊತೆಗೇ ನಡೆದೆ. ನಮ್ಮದೇ ಒಡ್ಡಿಗೆ ಬಂದಾಗ ನೀರು ಅರ್ಧಕ್ಕೆ ಇಳಿಯಿತು. ಕಣಗಿಲೆ ಗಿಡದ ಮರೆಯಲ್ಲಿ ಒಡ್ಡಿನೊಳಗೆ ಏಡಿ ಕೊರೆದ ಬಿಲ. ನೀರು ಗುಳುಗುಳು ಅನ್ನುತ್ತ ಅದರೊಳಗಿಳಿದು, ಆ ಕಡೆಯ ಹಳ್ಳಕ್ಕೆ ಬೀಳುತ್ತಿತ್ತು. ಆ ಒಡ್ಡನ್ನು ನೋಡಿಕೊಳ್ಳಬೇಕಾದವಳು ನಾನು. ಹಂಗಾಮು ಶುರುವಾದ ಮೇಲೆ ಒಮ್ಮೆಯೂ ಅದರ ಮೇಲೆ ನಡೆದಿರಲಿಲ್ಲ.

ಹುಲ್ಲು, ಕೆಸರು ಸಿಕ್ಕಿದ್ದನ್ನೆಲ್ಲ ತುರುಕಿ ಬಿಲ ಮುಚ್ಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ, ಅದೂ ದೇವರ ಕೈಯಿಂದ ಹಾಕಿಸಲು ನೋಡಿದ್ದೆ. ಅಲ್ಲೇ ಮೊಣಕಾಲೂರಿದೆ. "ಕರುಣಾಳುವಾದ ತಂದೆಯೇ, ಈ ಪಾಪಿಯನ್ನು..." ಎಂದೊಡನೆ ಮಾತು ತಾನಾಗಿ ಲಯ ಹಿಡಿಯಿತು. ಯಾರೂ ಇಲ್ಲದ ಹೊಲದಲ್ಲೂ ನಾನು ಯಾರಿಗೋ ಕೇಳಿಸಲೆಂದೇ ಮಾತಾಡುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇಷ್ಟು ವರ್ಷ ದೇವರ ಜೊತೆ ಒಂದು ಮಾತನ್ನಾದರೂ ಆಡಿದ್ದೆನೆ? ನೆನಪಿಗೆ ಬರಲಿಲ್ಲ. ಎದ್ದು ನೆಗೆಣ್ಣಿಯ ಮನೆಗೆ ಹೋದೆ.

ಅವಳು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನನ್ನ ಕೈಮೈ ಕೆಸರು ನೋಡಿ, "ಯಾಕ ಯಕ್ಕಾ, ಬಿದ್ದೀ ಏನು?" ಅಂದಳು.

"ಅವತ್ತಿನ ಪ್ರಾರ್ಥನಾ..." ಅಂದೆ.

"ನನಗ ಅಂದಿದ್ದಿ. ಗೊತ್ತೈತಿ" ಅಂದಳು. "ಕಣ್ಣು ಮುಚ್ಚಿದ್ದೆ ಖರೆ, ಕಿವಿ ಮುಚ್ಚಿದ್ದಿಲ್ಲ."

"ಮತ್ತ ಆಮೆನ್ ಯಾಕ ಅಂದಿ?"

ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. "ನಿನಗ ನೀರು ಸಾಲವಲ್ದು ಅನ್ನೂದು ಸುಳ್ಳಿದ್ದಿಲ್ಲಲ್ಲ. ನಾ ಅದಕ್ಕ ಅಂದೆ. ನೀವೆಲ್ಲಾ ಮನಿಗಿ ಹೋದ ಮ್ಯಾಲ ನಾ ಅತ್ತೆ, ಅದು ಬ್ಯಾರೆ ಮಾತು." ನಾವು ಹೋಗುವವರೆಗೆ, ಚಹಾದ ಕಪ್ಪುಗಳನ್ನು ತೊಳೆದಿಡುವವರೆಗೆ ತಡೆದುಕೊಂಡು ಅತ್ತಿದ್ದಳು.

ಮುಂದಿನ ಬುಧವಾರ ಕೂಟ ನಮ್ಮ ಮನೆಯಲ್ಲಿ. ಪಾಸ್ಟರು ಎಂದಿನಂತೆ ನನ್ನ ಕಡೆ ನೋಡಿದರು. ಕಣ್ಣು ಮುಚ್ಚಿದೆ. ಕೃಪಾಸಾಗರನೇ ಎಂಬ ಮಾತು ತುದಿನಾಲಿಗೆಗೆ ಬಂತು, ನುಂಗಿಕೊಂಡೆ. ಯಾರೋ ಕೆಮ್ಮಿದರು.

"ಯಪ್ಪಾ," ಅಂದೆ, "ಆಕಿ ನೀರು ಕದ್ದಿದ್ದಿಲ್ಲ. ಆಕಿ ಹೊಲದ ಬಾಯಿ ಮುಚ್ಚಿತ್ತು. ಬಿಲ ನಮ್ಮ ಒಡ್ಡಿಂದು. ನಾ ನಿನ್ನ ಹೆಸರು ಹೇಳಿ ಆಕಿಗೆ ಬೈದೆ."

ಅಷ್ಟೇ. ಇದು ಪ್ರಾರ್ಥನೆಯೋ ಏನೋ ಯಾರಿಗೂ ತಿಳಿಯಲಿಲ್ಲ. ಮುದುಕಿಯರು ಕಣ್ಣೊರೆಸಿಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ನೋಡಲಿಲ್ಲ. ಮನೆ ತುಂಬ ಜನರಿದ್ದರೂ ಒಬ್ಬರ ಬಾಯಿಂದಲೂ ಆಮೆನ್ ಬರಲಿಲ್ಲ. ಆಮೇಲೆ ಬಾಗಿಲ ಹತ್ತಿರದಿಂದ ನನ್ನ ನೆಗೆಣ್ಣಿ ಒಬ್ಬಳೇ ಅಂದಳು.