ಕಾರ್ಕ್ ಪಾಲಿಕೆಗೆ ಅಕ್ಕ ನಿಂತಾಗ

ನನಗೆ ಈಗ ಎಲ್ಲೂ ಓಟಿಲ್ಲ. ಮೈಸೂರಿನ ಮತದಾರರ ಪಟ್ಟಿಯಿಂದ ನನ್ನ ಹೆಸರು ಯಾವತ್ತೋ ಬಿಟ್ಟುಹೋಗಿದೆ. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಐದು ವರ್ಷ ಇದ್ದಾಗ ಇತ್ತು. ಅಲ್ಲಿ ಪಾಲಿಕೆ ಚುನಾವಣೆಗೆ ಓಟು ಹಾಕಲು ಆ ದೇಶದ ಪ್ರಜೆಯೇ ಆಗಿರಬೇಕೆಂದಿಲ್ಲ, ಊರಲ್ಲಿ ವಾಸವಿದ್ದರೆ ಸಾಕು. ಗಂಡನ ಕೆಲಸ ಮಲೇಷ್ಯಾಕ್ಕೆ ಬದಲಾಗಿ ಸುಬಾಂಗ್ ಜಯಾಕ್ಕೆ ಬಂದ ಮೇಲೆ ಅದೂ ಹೋಯಿತು.

ಬಂದ ಹೊಸತರಲ್ಲಿ ನಮ್ಮ ಬೀದಿಯ ಪಾರ್ಕಿಗೆ ಇನ್ನೊಂದು ಉಯ್ಯಾಲೆ ಬೇಕು ಅನ್ನಿಸಿತು. ನಮ್ಮ ಕೌನ್ಸಿಲರ್ ಯಾರು, ಮುಂದಿನ ಚುನಾವಣೆ ಯಾವಾಗ, ಈಗಲೇ ಹೋಗಿ ಹಿಡಿದುಕೊಳ್ಳೋಣ ಎಂದು ಪಕ್ಕದ ಮನೆಯ ತಮಿಳು ಟೀಚರಮ್ಮನನ್ನು ಕೇಳಿದೆ. ಆಕೆಗೆ ನಗು ತಡೆಯಲಾಗಲಿಲ್ಲ. ಇಲ್ಲಿ ಪಾಲಿಕೆಗೆ ಚುನಾವಣೆಯೇ ಇಲ್ಲವಂತೆ. ಆಕೆಯ ಅಪ್ಪ ಮೆಲಾಕಾದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಓಟು ಹಾಕಲು ಹೋಗುತ್ತಿದ್ದರಂತೆ. ಅರವತ್ತರ ದಶಕದಲ್ಲಿ ಅದು ನಿಂತುಹೋಯಿತು, ಈಗ ರಾಜ್ಯ ಸರ್ಕಾರವೇ ಕೌನ್ಸಿಲರುಗಳನ್ನು ನೇಮಿಸುತ್ತದೆ. ಅರ್ಜಿ ಕೊಡು, ಆಗುತ್ತದೆ ಅಂದರು. ಕೊಟ್ಟೆ. ಎರಡು ತಿಂಗಳಲ್ಲಿ ಉಯ್ಯಾಲೆ ಬಂತು. ಯಾರ ಜೊತೆಗೂ ಜಗಳವಾಡದೆ ಬಂದದ್ದಕ್ಕೆ ನನಗೆ ಒಳಗೊಳಗೇ ಸಿಟ್ಟು. ನನ್ನ ಸ್ವಭಾವವೇ ಅಂಥದು.

ಹಾಗಿರುವಾಗ ಕಾರ್ಕಿನಲ್ಲೇ ಉಳಿದಿದ್ದ ಅಕ್ಕ ಫೋನ್ ಮಾಡಿ, ಪಾಲಿಕೆಗೆ ಪಕ್ಷೇತರಳಾಗಿ ನಿಲ್ಲುತ್ತಿದ್ದೇನೆ ಅಂದಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ, ನಾಲ್ಕು ಜನರ ಮುಂದೆ ದನಿ ಎತ್ತದ ನಮ್ಮಕ್ಕ! ಅವಳ ಏರು ರಸ್ತೆಯಲ್ಲಿ ವಯಸ್ಸಾದವರು ಕೂರಲು ಬೆಂಚು ಬೇಕು, ಸಂಜೆ ಇನ್ನೊಂದು ಬಸ್ಸು ಬೇಕು, ಅಷ್ಟೇ ಅವಳ ಬೇಡಿಕೆ. ಆದರೆ ಕಾರಣ ಬೆಂಚಲ್ಲ ಎಂದು ನನಗೆ ಗೊತ್ತಿತ್ತು. ನಾನು ಅಲ್ಲಿದ್ದಾಗ ಒಂದು ದಿನ ಪಾಲಿಕೆಯ ಕಟ್ಟಡದ ಮುಂದೆ ನಿಲ್ಲಿಸಿ ಇಬ್ಬರು ಮೇಯರುಗಳ ಪ್ರತಿಮೆ ತೋರಿಸಿದ್ದಳು. ಬ್ರಿಟಿಷರ ವಿರುದ್ಧ ಆ ದೇಶದ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಒಬ್ಬನನ್ನು ಮನೆಗೇ ನುಗ್ಗಿ ಗುಂಡಿಟ್ಟು ಕೊಂದರು. ಅವನ ಜಾಗಕ್ಕೆ ಬಂದವನು ಇಂಗ್ಲೆಂಡಿನ ಜೈಲಿನಲ್ಲಿ ಉಪವಾಸ ಕೂತು ಸತ್ತ. ಅದೇ ವರ್ಷ ಕಟ್ಟಡವೂ ಸುಟ್ಟುಹೋಗಿ, ಆಮೇಲೆ ಮತ್ತೆ ಕಟ್ಟಿದ್ದು.

"ಇಂಥ ಊರಲ್ಲಿ ನಾವು ಬರೀ ಸಂಬಳ ತಗೊಂಡು, ಟ್ಯಾಕ್ಸ್ ಕಟ್ಕೊಂಡು ಇದ್ಬಿಡೋದಾ?" ಎಂದಿದ್ದಳು. ಇಪ್ಪತ್ತು ವರ್ಷದಿಂದ ಅಲ್ಲಿದ್ದರೂ ನೀವು ಯಾವ ಊರಿನವರು ಎಂದು ದಿನಕ್ಕೊಬ್ಬರು ಕೇಳುವ ಹೆಂಗಸು ಅವಳು. ಅವಳಿಗೆ ಆ ಊರಿನವಳು ಅನ್ನಿಸಿಕೊಳ್ಳಬೇಕಿತ್ತು.

ಅವಳ ವಾರ್ಡಿನಲ್ಲಿದ್ದ ಕನ್ನಡದ ಮನೆಗಳಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರೂ ನನಗೆ ಪರಿಚಯದವರೇ. ಅಲ್ಲಿನ ಓಟಿನ ಪದ್ಧತಿ ನಮ್ಮ ಹಾಗಲ್ಲ. ಒಂದೊಂದು ವಾರ್ಡಿನಿಂದ ಆರೇಳು ಜನ ಗೆಲ್ಲುತ್ತಾರೆ. ಚೀಟಿಯಲ್ಲಿ ಎಲ್ಲ ಅಭ್ಯರ್ಥಿಗಳ ಹೆಸರೂ ಫೋಟೋವೂ ಇರುತ್ತವೆ. ಯಾರು ಹೆಚ್ಚು ಇಷ್ಟವೋ ಅವರಿಗೆ ಒಂದು, ಆಮೇಲಿನವರಿಗೆ ಎರಡು, ಮೂರು ಎಂದು ಪೆನ್ಸಿಲ್ಲಿನಲ್ಲಿ ಬರೆಯಬೇಕು. ಎಣಿಕೆಯಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವನು ಹೊರಗೆ ಹೋಗುತ್ತಾನೆ, ಅವನ ಚೀಟಿಗಳು ಅದರಲ್ಲಿ ಎರಡು ಪಡೆದವರಿಗೆ ಸೇರುತ್ತವೆ.

ಅಕ್ಕ ಸ್ಪಷ್ಟವಾಗಿ ಹೇಳಿದ್ದಳು: "ಯಾರಾದ್ರೂ ಬೇರೆಯವರಿಗೆ ಮಾತು ಕೊಟ್ಟಿದ್ರೆ ಒತ್ತಾಯ ಮಾಡ್ಬೇಡ. ಎರಡು ಕೇಳು. ಇಲ್ಲಿ ಎರಡರಿಂದಲೇ ಗೆಲ್ಲೋದು."

ಎರಡು! ನಮ್ಮ ಮನೆಯಲ್ಲಿ ಎರಡನೇ ರ‍್ಯಾಂಕ್ ಬಂದರೆ ಅಪ್ಪ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ, ಮುಖ ನೋಡದೆ ವಾಪಸು ಕೊಡುತ್ತಿದ್ದರು. ಅಕ್ಕ ಅದನ್ನು ನುಂಗಿಕೊಂಡು ಬೆಳೆದವಳು. ನಾನು ಮೊದಲನೆಯ ರ‍್ಯಾಂಕು ತರುತ್ತಿದ್ದವಳು, ನನಗೆ ಎರಡು ಕೇಳುವುದು ಹೇಗೆಂದೇ ಗೊತ್ತಿರಲಿಲ್ಲ.

ದಿನಾ ಮಧ್ಯಾಹ್ನ ಮಗಳನ್ನು ಟ್ಯೂಷನ್ನಿಗೆ ಬಿಟ್ಟು, ಹೊರಗಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡುತ್ತಿದ್ದೆ. ಒಪ್ಪಿದವರ ಮನೆಗೆ ನೋಟ್‌ಬುಕ್ಕಿನಲ್ಲಿ ಒಂದು ಎಂದು ಬರೆಯುತ್ತಿದ್ದೆ. ಒಂದೇ ಮನೆ ಕಗ್ಗಂಟಾಯಿತು. ಮಗನ ಜೊತೆ ಇರಲು ಹೋದ ಮಂಡ್ಯ ಕಡೆಯ ಆಂಟಿ, ಅಂಕಲ್. ಅವರ ಪಕ್ಕದ ಮನೆಯವನೂ ಚುನಾವಣೆಗೆ ನಿಂತಿದ್ದ. ರಿಟೈರಾದ ಬಸ್ ಡ್ರೈವರ್. ಅಂಕಲ್‌ಗೆ ಎದೆ ನೋವು ಬಂದಾಗ ಮಗ ಊರಲ್ಲಿರಲಿಲ್ಲ. ಅವನೇ ತನ್ನ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದ. ಅವನಿಗೆ ಮಾತು ಕೊಟ್ಟಾಗಿದೆ ಅಂದರು ಆಂಟಿ. ನಿಮ್ಮಕ್ಕನಿಗೆ ಎರಡು ಹಾಕ್ತೀವಿ ಅಂತ ಅವರೇ ಹೇಳಿದರು.

ಅಲ್ಲಿಗೆ ಸುಮ್ಮನಾಗಬೇಕಿತ್ತು. ನಾನು ಬಿಡಲಿಲ್ಲ. ದೇಶ ಬಿಟ್ಟು ಬಂದವರು ನಾವೇ ನಮಗಾಗದಿದ್ದರೆ ಇನ್ಯಾರು ಆಗುತ್ತಾರೆ ಎಂದೆ. ಅಂಕಲ್ ಆಸ್ಪತ್ರೆಯಲ್ಲಿದ್ದ ವಾರವೆಲ್ಲ ಅಕ್ಕ ಡ್ಯೂಟಿ ಮುಗಿಸಿ ಸಾರು ಅನ್ನ ಒಯ್ದದ್ದನ್ನು ನೆನಪಿಸಿದೆ. ಅದನ್ನು ಹೇಳಿದ್ದು ಗೊತ್ತಾಗಿದ್ದರೆ ಅಕ್ಕ ನಾಚಿಕೆಯಿಂದ ಸಾಯುತ್ತಿದ್ದಳು.

"ಎರಡು ಬೇಡ ಆಂಟಿ," ಅಂದೆ. "ಒಂದೇ ಬೇಕು."

ಆಂಟಿ ಗಂಡನನ್ನು ಕೂಗಿ ಏನೋ ಕೇಳಿದರು. ಆಮೇಲೆ, "ಆಯ್ತು ಕಣಮ್ಮ, ಒಂದೇ ಹಾಕ್ತೀವಿ ಬುಡು," ಎಂದರು. ದನಿ ಸಪ್ಪೆಯಾಗಿತ್ತು. ಕೇಳಿಸಿತು ನನಗೆ. ಆದರೂ ನೋಟ್‌ಬುಕ್ಕಿನಲ್ಲಿ ಒಂದು ಎಂದು ಬರೆದು ಮುಂದಿನ ನಂಬರ್ ಒತ್ತಿದೆ.

ಶುಕ್ರವಾರ ಮತದಾನ. ಶನಿವಾರ ಎಣಿಕೆ ಶುರುವಾಗಿ ಭಾನುವಾರಕ್ಕೂ ಎಳೆಯಿತು. ಅಲ್ಲಿನ ಮಧ್ಯಾಹ್ನ ನಮಗೆ ಸಂಜೆ. ಭಾನುವಾರ ಸಂಜೆ ಮನೆಯಲ್ಲಿ ಕೂರಲಾಗದೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿಗೆ ಹೋಗಿ ಎಲ್ಲರಿಗೂ ರೊಟ್ಟಿ ಕಟ್ಟಿಸೋಣ ಎಂದು ಮಗಳನ್ನು ಕರೆದುಕೊಂಡು ಹೊರಟೆ. ರೊಟ್ಟಿ ಕಟ್ಟಿಕೊಟ್ಟು ಎಷ್ಟೋ ಹೊತ್ತಾದರೂ ಅಲ್ಲೇ ಟೇಬಲ್ಲುಗಳ ನಡುವೆ ಶತಪಥ ಹಾಕುತ್ತಿದ್ದೆ. ಫಲಿತಾಂಶ ಬಂತೇ ಎಂದು ಫೋನಿನ ಪರದೆ ಎಳೆದು ಎಳೆದು ಹೆಬ್ಬೆರಳು ನೋಯುತ್ತಿತ್ತು. ಮಗಳಿಗೆ ಮುಜುಗರ.

"ಅಮ್ಮ, ಸಿಟ್ ಡೌನ್ ಲಾ. ಯು ಡೋಂಟ್ ಈವನ್ ಲಿವ್ ದೇರ್."

ಅವಳಿಗೆ ಗದರಿ ಮತ್ತೆ ಪರದೆ ಎಳೆದೆ. ಬಸ್ ಡ್ರೈವರ್ ಹೊರಗೆ ಬಿದ್ದಿದ್ದ. ನಾನು ಕೈ ಮುಷ್ಟಿ ಕಟ್ಟಿ ಕುಣಿದೆ, ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಇನ್ನು ಅವನ ಚೀಟಿಗಳು ಹಂಚಿಕೆಯಾಗಬೇಕು. ಕೊನೆಯ ಒಂದು ಸೀಟಿಗೆ ಉಳಿದವರು ಅಕ್ಕ ಮತ್ತು ಇನ್ನೊಬ್ಬಳು ಹೆಂಗಸು. ಆಮೇಲೆ ಮರು ಎಣಿಕೆ ಎಂದು ಬಂತು. ರೊಟ್ಟಿ ತಣ್ಣಗಾಯಿತು.

ಮನೆಗೆ ಬಂದು ಸೇರುವಷ್ಟರಲ್ಲಿ ಅಕ್ಕನ ಫೋನು. ಒಂದು ಮತದಿಂದ ಸೋತಿದ್ದಳು. ಎರಡನೆಯ ಸಲ ಎಣಿಸಿದಾಗಲೂ ಅದೇ ಒಂದು.

ನಾನು ಎಣಿಸುವವರನ್ನು ಬೈದೆ, ಗೆದ್ದವಳನ್ನು ಬೈದೆ, ಆ ಪದ್ಧತಿಯನ್ನೇ ಬೈದೆ. ಅಕ್ಕ ಎಲ್ಲ ಕೇಳಿಸಿಕೊಂಡಳು. ನಂತರ ತಿರಸ್ಕರಿಸಿದ ಚೀಟಿಗಳ ಮಾತೆತ್ತಿದಳು. ಅವನ್ನು ಅಭ್ಯರ್ಥಿಗಳ ಮುಂದೆ ಒಂದೊಂದಾಗಿ ತೋರಿಸುತ್ತಾರಂತೆ.

"ಎರಡು ಚೀಟೀಲಿ ನಂಗೂ ಒಂದು, ಡ್ರೈವರಿಗೂ ಒಂದು ಹಾಕಿದ್ರು ಕಣೆ. ಇಬ್ಬರಿಗೆ ಒಂದು ಹಾಕಿದ್ರೆ ಅದು ಓಟೇ ಅಲ್ಲ. ನಂಗೆ ಎರಡು ಅಂತ ಹಾಕಿದ್ರೂ ಅವನ ಹಿಂದೆ ನನಗೇ ಬರ್ತಿತ್ತು."

ಎರಡು ಚೀಟಿ. ಒಂದು ಮತ. ಲೆಕ್ಕ ಕಷ್ಟದ್ದೇನಲ್ಲ. ಫೋನಿನಾಚೆ ಅಕ್ಕ ಕಾಯುತ್ತಿದ್ದಳು, ಉಸಿರು ಕೇಳಿಸುತ್ತಿತ್ತು. ನಾನು ಹೇಳಬಹುದಿತ್ತು.

"ಯಾರೋ ದಡ್ಡರು," ಅಂದೆ.

"ದಡ್ಡರಲ್ಲ ಬಿಡು," ಎಂದಳು ಅಕ್ಕ. "ನಾನಂತೂ ಇನ್ನು ನಿಲ್ಲಲ್ಲ." ಊಟ ಮಾಡು ಎಂದು ಹೇಳಿ ಇಟ್ಟಳು.

ಮೂರು ದಿನ ತಡೆದುಕೊಂಡು ಆಂಟಿಗೆ ಫೋನ್ ಮಾಡಿದೆ. ಅವರು ಅಳುತ್ತಿದ್ದರು; ತಮ್ಮ ಓಟು ಲೆಕ್ಕಕ್ಕೇ ಬರಲಿಲ್ಲ ಎಂದು ಮಗನಿಂದ ಗೊತ್ತಾಗಿತ್ತು. ಚೀಟಿಯಲ್ಲಿ ಇಬ್ಬರ ಮುಖವೂ ತಮ್ಮನ್ನೇ ನೋಡುತ್ತಿತ್ತಂತೆ. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಮ್ಮಿ ಮಾಡಲು ಕೈ ಬರಲಿಲ್ಲವಂತೆ. ಇಬ್ಬರಿಗೂ ಒಂದೊಂದು ಹಾಕಿ, ಗಂಡನ ಕೈಯಲ್ಲೂ ಹಾಕಿಸಿ, ಸಮಾಧಾನವಾಗಿ ಮನೆಗೆ ಬಂದರಂತೆ.

"ಶುಕ್ರವಾರವೇ ನಿಮ್ಮಕ್ಕಂಗೆ ಫೋನ್ ಮಾಡಿ ಎಲ್ಲಾನೂ ಹೇಳ್ದೆ ಕಣಮ್ಮ, ನೀನು ಒಂದೇ ಬೇಕು ಅಂದಿದ್ದನ್ನೂವೆ. ಬೋ ಸಂತೋಷ ಆಂಟಿ, ಸರಿಯಾಗೇ ಮಾಡಿದ್ದೀರ ಅಂದ್ಲು."

ಹಾಗಾದರೆ ಎಣಿಕೆಯ ಎರಡೂ ದಿನ ಅಕ್ಕನಿಗೆ ಗೊತ್ತಿತ್ತು. ಆ ಸಂಜೆ ಫೋನಿನಲ್ಲಿ ನನಗಾಗಿ ಕಾಯುತ್ತಿದ್ದಾಗಲೂ ಗೊತ್ತಿತ್ತು.

ಈಗಲೂ ವಾರಕ್ಕೊಮ್ಮೆ ಮಾತಾಡುತ್ತೇವೆ. ಅವಳು ತನ್ನ ಏರು ರಸ್ತೆಯ ಸುದ್ದಿ ಹೇಳುತ್ತಾಳೆ, ನಾನು ಮಗಳ ಪರೀಕ್ಷೆಯ ಸುದ್ದಿ. ಮುಂದಿನ ಸಲವೂ ನಿಲ್ಲು ಅಕ್ಕ ಎಂದು ಹೇಳಬೇಕು ಅನ್ನಿಸುತ್ತದೆ, ನಾಲಗೆಯ ತುದಿಯವರೆಗೂ ಬರುತ್ತದೆ. ಅದನ್ನು ಹೇಳುವ ಮೊದಲು ಇನ್ನೊಂದನ್ನು ಹೇಳಬೇಕು. ನಾನು ಇನ್ನೂ ಹೇಳಿಲ್ಲ. ಅವಳೂ ಕೇಳಿಲ್ಲ.